ಮೇಲಿಂದ ಹುಯ್ದ ನೀರು

ನಂಜನಗೂಡು
೩ ಏಪ್ರಿಲ್ ೨೦೨೫

ಪ್ರೀತಿಯ ಅವ್ವನಿಗೆ, ದೂರದಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ.

ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಮಾತ್ರೆಯನ್ನು ಎರಡು ದಿನ ನುಂಗಿ ಬಿಟ್ಟುಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ಫೋನು ಎತ್ತುವವನು ಮದನಣ್ಣ. ತಂಗಿಯ ದನಿ ಕೇಳಿದ ಕೂಡಲೇ ಕಟ್ ಮಾಡುತ್ತಾನೆ. ಅದಕ್ಕೇ ಈ ಕಾಗದ. ಅವನು ಗದ್ದೆಗೆ ಹೋದ ಮೇಲೆ ಓದಿಕೋ.

ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಸಿಂಧುಗೆ ಮತ್ತೆ ಜ್ವರ ಬಂದಿತ್ತು, ಉರಿಮೂತ್ರ ಬೇರೆ. ಮಗು ನೀರೇ ಕುಡಿಯುತ್ತಿಲ್ಲ, ನೀನೆಂಥ ತಾಯಿ ಎಂದು ಡಾಕ್ಟರಮ್ಮ ನನ್ನನ್ನೇ ಬೈದರು. ಆರು ವರ್ಷದ ಮಗು ಯಾಕೆ ನೀರು ಕುಡಿಯುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ನಿನಗೆ ಹೇಳುತ್ತೇನೆ.

ದಸರಾ ರಜೆಯಲ್ಲಿ ಅವಳನ್ನು ಮೂಗೂರಿಗೆ ನಿನ್ನ ಹತ್ತಿರ ಕಳಿಸಿದ್ದೆನಲ್ಲ. ದಲಿತರ ಕೇರಿಯ ದೀಪಕ್ ಅವರನ್ನು ಮದುವೆಯಾದೆನೆಂದು ಎಂಟು ವರ್ಷ ನನ್ನ ಮುಖ ನೋಡದ ನೀನು, "ಮಗೀನ ಕಳ್ಸವ್ವ, ನೀನು ಬರ್ಬ್ಯಾಡ" ಎಂದು ಹೇಳಿಕಳಿಸಿದಾಗ ನನಗೆ ಅಷ್ಟೇ ಸಾಕಾಯಿತು. ನಿಜ ಹೇಳಬೇಕೆಂದರೆ ಬೇರೆ ಗತಿಯೂ ಇರಲಿಲ್ಲ. ತಾಂಡ್ಯದ ಫ್ಯಾಕ್ಟರಿಯಲ್ಲಿ ಇಬ್ಬರದೂ ಗುತ್ತಿಗೆ ಕೆಲಸ, ಎರಡು ದಿನ ತಪ್ಪಿಸಿದರೆ ಗೇಟಿನಾಚೆ. ನಮ್ಮತ್ತೆ ತೀರಿಹೋದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ನೀನು ಅವಳಿಗೆ ಏನೂ ಕಡಿಮೆ ಮಾಡಲಿಲ್ಲ. ತುಪ್ಪ, ಹೋಳಿಗೆ, ಹೊಸ ಫ್ರಾಕು. ಆದರೆ ಎಲ್ಲವೂ ಜಗಲಿಯ ಮೇಲೆ. ಬಾಯಾರಿದಾಗ "ಅಂಗೈ ಒಡ್ಡು ಕೂಸೇ, ಉಯ್ತೀನಿ" ಎಂದು ಚೆಂಬು ಎತ್ತಿ ಮೇಲಿಂದ ಹುಯ್ದೆಯಂತೆ, ಗದ್ದೆ ಕೆಲಸದ ಜವರಯ್ಯನಿಗೆ ಹುಯ್ಯುತ್ತಿದ್ದ ಹಾಗೆ. ನಾನೂ ಚಿಕ್ಕವಳಿದ್ದಾಗ ನಿನ್ನಿಂದ ಚೆಂಬು ಕಿತ್ತುಕೊಂಡು ಅವನ ಅಂಗೈಗೆ ಹುಯ್ದಿದ್ದೇನೆ, ಆಟವೆಂದುಕೊಂಡು. ಹಾಗಾಗಿ ನಿನ್ನೊಬ್ಬಳನ್ನೇ ಬೈಯಲು ನನಗೆ ಬಾಯಿಲ್ಲ.

ಮನೆಗೆ ಬಂದವಳು ಲೋಟ ಮುಟ್ಟಲಿಲ್ಲ. ಹೊಸಿಲಾಚೆ ಕುಕ್ಕರುಗಾಲಲ್ಲಿ ಕೂತು ಅಂಗೈ ಒಡ್ಡಿದಳು. ಅಜ್ಜಿ ಮನೆಯಲ್ಲಿ ಕಲಿತ ಆಟ ಎಂದು ನಾನು ನಗುತ್ತಲೇ ಹುಯ್ದೆ. ನೀರು ಮೂಗಿಗೆ ಹೋಗಿ ಅವಳು ಕೆಮ್ಮಿದಾಗ ದೀಪಕ್ ಓಡಿಬಂದು, "ಮೊಣಕೈ ಎತ್ಕೊ ಮಗ, ಗದ್ದ ಅಂಗೈಗೆ ಒತ್ಕೊ, ಆಗ ಮೂಗ್ಗೆ ಓಗಲ್ಲ" ಎಂದು ಹೇಳಿಕೊಟ್ಟರು. ಹೇಳಿದ ಮೇಲೆ ಮಗಳಿಗೆ ತಾವು ಏನು ಕಲಿಸಿದೆವು ಎಂದು ಅವರಿಗೆ ಹೊಳೆಯಿತು. ಹಿತ್ತಲಿಗೆ ಹೋಗಿ ಕೂತವರು ಊಟಕ್ಕೂ ಬರಲಿಲ್ಲ. ಏಳು ವರ್ಷದವರಿದ್ದಾಗ ಅಪ್ಪನ ಜೊತೆ ಯಾರದೋ ಕಬ್ಬಿನ ಗದ್ದೆಗೆ ಕೂಲಿಗೆ ಹೋಗಿ ಕಲಿತದ್ದಂತೆ ಅದು. ಮದುವೆಯಾಗಿ ಇಷ್ಟು ವರ್ಷ ನನಗೊಂದು ಮಾತು ಹೇಳಿರಲಿಲ್ಲ.

ಶಾಲೆಯಲ್ಲೂ ಅವಳು ನಲ್ಲಿ ಮುಟ್ಟುವುದಿಲ್ಲ. ಯಾರಾದರೂ ಹುಯ್ಯಲಿ ಎಂದು ಕಾಯುತ್ತಾಳೆ, ಹುಯ್ಯದಿದ್ದರೆ ಹಾಗೇ ಬರುತ್ತಾಳೆ. ಮೊದಮೊದಲು ಮಕ್ಕಳು ನಕ್ಕವು. ಆಮೇಲೆ ಯಾವುದೋ ಮಗು ಮನೆಯಲ್ಲಿ ಕಾರಣ ಕೇಳಿಕೊಂಡು ಬಂತು. ಈಗ ಬಿಸಿಯೂಟದ ಹೊತ್ತಿಗೆ ಅವಳ ಪಕ್ಕ ಯಾರೂ ಕೂರುವುದಿಲ್ಲ. ನಾನು ಮುದ್ದು ಮಾಡಿದೆ, ಪಾಪಿ, ಹೊಡೆದೂ ಹೊಡೆದೆ. ಒಂದೇ ಲೋಟದಲ್ಲಿ ಇಬ್ಬರೂ ಕುಡಿಯೋಣ ಬಾ ಎಂದು ಕರೆದೆ. "ನೀನು ಅಜ್ಜಿ ಕಡೆಯೋಳು ಕಣಮ್ಮ, ನಾನು ಅಪ್ಪನ ಕಡೆಯೋಳು" ಎಂದಳು.

ಅವ್ವ, ಓದಿಸಿದರೆ, ಪೇಟೆಯಲ್ಲಿ ಬೆಳೆಸಿದರೆ ಇವಳಿಗೆ ಇದು ತಾಗುವುದಿಲ್ಲ ಎಂದುಕೊಂಡಿದ್ದೆ. ಹತ್ತೇ ದಿನ ಸಾಕಾಯಿತು. ಅದೂ ಪ್ರೀತಿಯಿಂದ ನೋಡಿಕೊಂಡ ಹತ್ತು ದಿನ.

ಮದನಣ್ಣನ ಮಕ್ಕಳಿಗೆ ನನ್ನ ಮುತ್ತು. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಮಗಳು,
ಅರ್ಪಿತ

ಇನ್ನೊಂದು ಮಾತು: ಮುಂದಿನ ವಾರದಿಂದ ಬೇಸಿಗೆ ರಜೆ. ಇಷ್ಟೆಲ್ಲ ಬರೆದವಳು ಮಗುವನ್ನು ಮತ್ತೆ ನಿನ್ನ ಹತ್ತಿರವೇ ಬಿಡುತ್ತಿದ್ದೇನೆ. ಹೋದ ವಾರ ಒಳಗೆ ಬಿಟ್ಟು ಬೀಗ ಹಾಕಿ ಹೋದ ದಿನ ಒಲೆ ಹಚ್ಚಿ ಕೈ ಸುಟ್ಟುಕೊಂಡಳು. ಹದಿಮೂರನೇ ತಾರೀಕು ಭಾನುವಾರ ಊರ ಬಸ್‌ಸ್ಟಾಪಿನವರೆಗೆ ಕರೆತರುತ್ತೇನೆ, ಮನೆಗೆ ಬರುವುದಿಲ್ಲ. ನಿನ್ನ ಕೈಯಾರೆ ಅವಳಿಗೊಂದು ಲೋಟ ಕೊಡು, ಅಷ್ಟೇ ಕೇಳುವುದು. ಬ್ಯಾಗು ತಾನೇ ತುಂಬಿಕೊಂಡಿದ್ದಾಳೆ. ಈಗ ಪಕ್ಕಕ್ಕೆ ಬಂದು ನಿಂತು ಹೇಳುತ್ತಿದ್ದಾಳೆ: "ಅಜ್ಜಿಗೆ ಬರಿಯಮ್ಮ, ಈಗ ನಂಗೆ ಚೆನ್ನಾಗಿ ಕುಡಿಯಕ್ಕೆ ಬತ್ತದೆ, ಒಂದು ತೊಟ್ಟೂ ಚೆಲ್ಲಲ್ಲ."