ಮೊಹರು ಬಿದ್ದ ಮದುವೆ

ರಾಸ್ ಅಲ್ ಖೋರ್, ದುಬೈ
ಗುರುವಾರ

ಮಹಾಜನಗಳೇ, ತಾಯಂದಿರೇ, ಕೊನೆಯ ಸಾಲಿನ ಗಲಾಟೆಗಾರರೇ!

ಹೆದರಬೇಡಿ ಲೋಲಾಕ್ಷಿ ಅಕ್ಕ, ನನ್ನ ನಾಟಕದ ಚಟ ಇನ್ನೂ ಬಿಟ್ಟಿಲ್ಲ; ಈ ಸಭೆಯಲ್ಲಿ ನೀವೊಬ್ಬರೇ. ಇದನ್ನು ಯಾರಿಗೂ ಓದಿ ಹೇಳಬೇಡಿ.

ನೀವು ಕಳಿಸಿದ ಮದುವೆ ಸರ್ಟಿಫಿಕೇಟು ಗೆದ್ದಿತು! ನಿಮ್ಮ ತಂಗಿಗೆ ಕಾಪರ್-ಟಿ ಹಾಕಿಸಿ ಆಯಿತು. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯವೆಂದು ಊರಿನ ಡಾಕ್ಟರು ಹೇಳಿದ್ದರಲ್ಲ? ಆದರೆ ಇಲ್ಲಿ ಅದಕ್ಕೂ ಮದುವೆಯ ಸರಕಾರಿ ಕಾಗದ, ಗಂಡನ ಸಹಿ ಎರಡೂ ಬೇಕು. ಕಳೆದ ಸಲ ದೀಕ್ಷಿತಾ ಕರಿಮಣಿ ತೋರಿಸಿದಳು, ಮದುವೆ ಆಲ್ಬಮ್ಮನ್ನೂ ಬಿಡಿಸಿಟ್ಟಳು. "ಪೇಪರ್ ಮಾಫಿ? ಖಲಾಸ್!" ಕಾಗದ ಇಲ್ಲವೇ, ಹಾಗಾದರೆ ಮುಗಿಯಿತು ಎಂದು ಕೌಂಟರಿನವಳು ಮುಖ ತಿರುಗಿಸಿದಳಂತೆ.

ನಿನ್ನೆ ನಾನೇ ಅಬುಧಾಬಿಯ ಆ ಕ್ಲಿನಿಕ್ಕಿಗೆ ಹೋಗಿ, "ಈಕೆಯ ಪತಿ ನಾನೇ!" ಎಂದು ಗರ್ಜಿಸಿದೆ. ಕಾದು ಕೂತವರೆಲ್ಲ ಬೆಚ್ಚಿಬಿದ್ದರು.

"ಮೆಲ್ಲ ಮಾರಾಯ್ರೇ, ಇದು ಸ್ಟೇಜ್ ಅಲ್ಲ" ಎಂದು ಇವಳು ಚಿವುಟಿದಳು. ನಗುತ್ತಿದ್ದಳು ಅಕ್ಕ, ಎಷ್ಟೋ ತಿಂಗಳ ಮೇಲೆ.

ಅತ್ತೆ ಮೂರನೆಯ ಮಗುವಿನ ಮಾತೆತ್ತಿದರೆ ದಯವಿಟ್ಟು ಬೇರೇನಾದರೂ ಹೇಳಿ ತಪ್ಪಿಸಿ.

ಅವಳು ಮತ್ತೆ ಬಸಿರಾದಾಳೆಂಬ ಭಯಕ್ಕೆ ಮೂರು ತಿಂಗಳು ಓವರ್‌ಟೈಮಿನ ನೆಪ ಹೇಳಿ, ರಜೆಯಲ್ಲೂ ಗ್ಯಾರೇಜಿನ ರೂಮಿನಲ್ಲೇ ಉಳಿಯುತ್ತಿದ್ದೆ. ನಾಳೆ ಶುಕ್ರವಾರ, ನನಗೆ ವಾರದ ರಜೆ. ಬೆಳಿಗ್ಗೆ ಮೊದಲ ಬಸ್ಸಿಗೇ ಅಬುಧಾಬಿಗೆ, ಅವಳಿರುವಲ್ಲಿಗೆ, ನಮ್ಮ ಮನೆಗೆ ಹೊರಡುತ್ತೇನೆ.

ಇಂತಿ,
ನಿಮ್ಮ ತಂಗಿಯ ಗಂಡ,
ರಿತೇಶ್