ಗಾಂಜಾ ಅಂಗಡಿಗೊಂದು ಕಥೆ

ಮಾರ್ಚ್ 12, 2019, ಮಂಗಳವಾರ. ಓಕ್ಲಂಡ್.

‘ಪಯಣ’ ಎಂಬ ಶಬ್ದ ಬೆಳಿಗ್ಗೆಯಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ನನ್ನ ತಮ್ಮ ಆಲ್ಟನ್‌ನ ಗಾಂಜಾ ಅಂಗಡಿಗೆ ಜಾಲತಾಣ ಮಾಡಿಕೊಡುವ ಕೋಲ್ಬಿ ಬಂದಿದ್ದ. ಗಾಂಜಾ ಮಾರುವುದು ಇಲ್ಲಿ ಈಗ ಕಾನೂನುಬದ್ಧ; ಆದರೆ ಪರವಾನಗಿ ಇದ್ದರೂ ಅಂತರ್ಜಾಲದ ದೊಡ್ಡ ಕಂಪನಿಗಳು ನಮ್ಮ ಜಾಹೀರಾತು ಹಾಕಿಕೊಳ್ಳುವುದಿಲ್ಲ. ಅದಕ್ಕೇ ಮಾಲೀಕನ ಕಥೆ ಬರೆದು ಗಿರಾಕಿಗಳನ್ನು ಸೆಳೆಯಬೇಕಂತೆ. ಅವರು ಬಾರದಿದ್ದರೆ ಜೂನ್‌ನಲ್ಲಿ ಇಲ್ಲಿಯ ಬೇಸಿಗೆ ಶುರುವಾಗುವಷ್ಟರಲ್ಲಿ ಅಂಗಡಿ ಮುಚ್ಚುತ್ತದೆ.

“ತೊಂಬತ್ತನಾಲ್ಕರಿಂದ ಎರಡು ಸಾವಿರದವರೆಗೆ ಏನ್ಮಾಡ್ತಿದ್ರಿ ಸಾರ್?” ಕೋಲ್ಬಿ ಆಲ್ಟನ್‌ನನ್ನು ಕೇಳಿದ.

“ಜೈಲಲ್ಲಿದ್ದೆ. ಇದನ್ನೇ ಮಾರಿದ್ದಕ್ಕೆ.”

ಕೋಲ್ಬಿಯ ಮುಖ ಅರಳಿತು. “ಸೂಪರ್ ಸಾರ್. ಆದ್ರೆ ಜೈಲು ಅಂದ್ರೆ ಜನ ಹೆದರ್ತಾರೆ. ‘ಪಯಣ’ ಅಂತ ಹಾಕೋಣ.”

“ಎಲ್ಲಿಗಪ್ಪಾ ಪಯಣ? ಆರು ವರ್ಷ ಒಂದೇ ಕೋಣೇಲಿ ಕೂತಿದ್ದೆ.”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಆಗ ನಮ್ಮ ಬೀದಿಯ ಹುಡುಗರನ್ನು ಊರಿಗೆ ಹತ್ತಿದ ವಿಷ ಎಂದವರು ಈಗ ಅದೇ ಸೊಪ್ಪನ್ನು ಗಾಜಿನ ಕಪಾಟಿನಲ್ಲಿಟ್ಟು ಮಾರುತ್ತಾರೆ, ತಮ್ಮನ್ನು ಸಾಹಸಿಗಳು ಎಂದುಕೊಳ್ಳುತ್ತಾರೆ. ಕ್ಷಮೆ ಕೇಳಿದವರು ಒಬ್ಬರೂ ಇಲ್ಲ.

ಕೋಲ್ಬಿ ಹೋದ ಮೇಲೆ ಆಲ್ಟನ್ ಅಂದ: “ಅಕ್ಕಾ, ಸಿಟ್ಟು ಆಮೇಲೆ ಮಾಡ್ಕೋ. ಅಷ್ಟೊಂದು ಪುಸ್ತಕ ಓದಿದೀಯಲ್ಲ, ನೀನೇ ಬರ್ಕೊಡು. ನಿಜಾನೇ ಬರಿ. ಆದ್ರೆ ಗಿರಾಕಿ ಬರೋ ಹಾಗಿರ್ಬೇಕು.”

ಊಟ ಮುಗಿಸಿ ಬರೆಯಲು ಕೂತೆ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಹೇಗೆ ಶುರು ಮಾಡಿದರೂ ಎರಡನೇ ಸಾಲಿಗೆ ಅಮ್ಮ ಸಾಯುತ್ತಾಳೆ, ಜೈಲಿನವರು ಅವನನ್ನು ಮಣ್ಣಿಗೂ ಕಳಿಸುವುದಿಲ್ಲ. ಇಂಥದ್ದನ್ನು ಓದಿದವರು ಯಾರು ತಾನೇ ಅಂಗಡಿಗೆ ಬರುತ್ತಾರೆ? ನಾಳೆ ಮತ್ತೆ ಬರೆಯಲು ಕೂರುತ್ತೇನೆ; ‘ಪಯಣ’ ಎಂದು ಮಾತ್ರ ಬರೆಯುವುದಿಲ್ಲ.