ಗೋಲಿನ ಗೆರೆಯ ಸುಣ್ಣ

ಭಾನುವಾರ, ಬೆಳಗಿನ ಹತ್ತು ಗಂಟೆ

ನನ್ನ ಜಗಳಗಂಟಿ ಮಗಳಿಗೆ,

ಎರಡು ಬೀದಿ ಆಚೆ ಇರುವವಳಿಗೆ ಅಮ್ಮ ಕಾಗದ ಬರೆಯುತ್ತಿದ್ದಾಳೆ ಎಂದರೆ ನಿನಗೆ ನಗು ಬರಬಹುದು. ನಕ್ಕುಬಿಡು. ಎದುರಿಗೆ ಕೂತರೆ ನೀನು ಪ್ರಶ್ನೆ ಕೇಳುತ್ತೀಯ, ನಾನು ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋಗುತ್ತೇನೆ. ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ.

ಕ್ಲಬ್ಬಿನ ಪುಸ್ತಕಕ್ಕೆಂದು ನಮ್ಮ ಹಳೇ ಮೈದಾನದ ಆರಂಭದ ದಿನಗಳ ಬಗ್ಗೆ ನೀನು ಬರೆದದ್ದನ್ನು ಓದಿದೆ. ಕಾರ್ಯದರ್ಶಿಯಮ್ಮನ ಬರವಣಿಗೆಗೆ ಏನೂ ಕೊರತೆಯಿಲ್ಲ. ಆದರೂ ಎರಡು ಕಡೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದೇನೆ. ಒಂದು, ಮೊದಲ ವರ್ಷಗಳಲ್ಲಿ ಸಣ್ಣಪುಟ್ಟ ಘರ್ಷಣೆಗಳಾದವು ಎಂಬಲ್ಲಿ. ಇನ್ನೊಂದು, ಸುಣ್ಣದ ಗೂಡಿನ ತಂಡದ ನಾಯಕ ಎದುರಾಳಿ ಗೋಲ್‌ಕೀಪರನ ಕಣ್ಣಿಗೆ ಸುಣ್ಣ ಎರಚಿದ ಎಂಬಲ್ಲಿ. ಆ ನಾಯಕ ನನ್ನ ತಮ್ಮ, ನಿನ್ನ ಸೋದರಮಾವ. ಆ ಗೋಲ್‌ಕೀಪರ್ ನಿನ್ನ ಅಪ್ಪ. ಗುರುವಾರ ಅಚ್ಚಿಗೆ ಹೋಗುತ್ತದೆ ಎಂದೆಯಲ್ಲ, ಅದಕ್ಕೆ ಮೊದಲು ಇದನ್ನು ಓದು.

ಸಣ್ಣಪುಟ್ಟ ಘರ್ಷಣೆಯಂತೆ! ನೀನು ಆ ಮೈದಾನ ನೋಡುವ ಹೊತ್ತಿಗೆ ಅದಕ್ಕೆ ಬೇಲಿ ಬಂದಿತ್ತು, ಕೂರಲು ಬೆಂಚು ಬಂದಿತ್ತು. ನಮ್ಮ ಕಾಲಕ್ಕೆ ಅದು ಸುಣ್ಣದ ಗೂಡಿಗೂ ಕಲ್ಲಿನ ಕ್ವಾರಿಗೂ ನಡುವಿನ ತಿಪ್ಪೆ. ಈ ಕಡೆಯಿಂದ ಗೂಡಿನವರು ಬೂದಿ ಸುರಿಯುತ್ತಿದ್ದರು, ಆ ಕಡೆಯಿಂದ ಕ್ವಾರಿಯವರು ಕಲ್ಲುಚೂರು. ನನ್ನ ಅಪ್ಪ ಗೂಡಿನ ಮೇಸ್ತ್ರಿ. ಕೆಲಸದವರನ್ನೆಲ್ಲ ಸೇರಿಸಿಕೊಂಡು ಹನ್ನೊಂದು ತಿಂಗಳ ಭಾನುವಾರಗಳನ್ನು ಅಲ್ಲೇ ಸವೆಸಿದ. ತುಕ್ಕು ಹಿಡಿದ ಡ್ರಮ್ಮಿಗೆ ಕಲ್ಲು ತುಂಬಿ, ಹನ್ನೆರಡು ಜನ ಎಳೆದೆಳೆದು ನೆಲ ಸಮ ಮಾಡಿದರು. ಹುಲ್ಲು ಮಾತ್ರ ಬೆಳೆಯಲೇ ಇಲ್ಲ. ಬಿದ್ದವರ ಮಂಡಿ ಸುಲಿಯುತ್ತಿತ್ತು, ಬೂದಿ ಹೊಕ್ಕ ಗಾಯ ತಿಂಗಳಾದರೂ ಮಾಯುತ್ತಿರಲಿಲ್ಲ. ನೆಲ ಸಮವಾಯಿತೋ ಇಲ್ಲವೋ, ಕ್ವಾರಿಯವರು ಬಂದು ನಿಂತರು. ಅಡಿಯಲ್ಲಿರೋ ಕಲ್ಲು ನಮ್ದು, ಅಂದ್ಮೇಲೆ ಮೈದಾನಾನೂ ನಮ್ದೇ ಅಂದರು. ಆಡಿ ತೀರ್ಮಾನ ಮಾಡ್ಕೊಳ್ಳೋಣ ಬನ್ರೋ ಅಂದ ನನ್ನ ಅಪ್ಪ.

ಆಟ ನಡೆದದ್ದು ಇಪ್ಪತ್ತೇ ನಿಮಿಷ. ಆಮೇಲೆ ಸಲಿಕೆ, ಹಾರೆ, ಸೈಕಲ್ ಚೈನು. ನಮ್ಮ ಗಾಡಿ ಹೊಡೆಯುವವನ ಕಿವಿಯ ತುದಿಯನ್ನು ಒಬ್ಬ ಕಚ್ಚಿ ಉಗಿದ. ಆ ತುಂಡನ್ನು ಅವನ ಹೆಂಡತಿ ಬೂದಿಯಲ್ಲಿ ಹುಡುಕಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಅಷ್ಟರಲ್ಲಿ ಕ್ವಾರಿಯವನೊಬ್ಬ ಗೋಲಿನ ಕಂಬವನ್ನೇ ಕಿತ್ತು ಬೀಸಿದ. ಅದು ನನ್ನ ಅಪ್ಪನ ದವಡೆಗೆ ಬಿತ್ತು. ಒಣ ಸೌದೆ ಮುರಿದಂಥ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಐದು ಹಲ್ಲು ಉದುರಿದವು. ಅಪ್ಪ ಆರು ತಿಂಗಳು ಹಾಲು ಹೀರಿಕೊಂಡು ಬದುಕಿದ, ಬಾಯಿ ಕೊನೆಯವರೆಗೂ ಸೊಟ್ಟಗೇ ಉಳಿಯಿತು. ತಾತ ಗೂಡಿನ ಮೆಟ್ಟಿಲಿಂದ ಬಿದ್ದರು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಕಂಬ ಬೀಸಿದವನು ಕ್ವಾರಿಯ ಗೋಲ್‌ಕೀಪರ್.

ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಾ, ಆಮೇಲೆ ಮುಂದೆ ಓದು.

ಅದಾದ ಮೇಲೂ ಆಟ ನಿಲ್ಲಲಿಲ್ಲ, ಹಗೆಯೂ ನಿಲ್ಲಲಿಲ್ಲ. ಒಮ್ಮೆ ಕ್ವಾರಿಯವರು ಪಂದ್ಯದ ಹಿಂದಿನ ದಿನ ಬಂದು ಗೋಲಿನ ಗೆರೆಯನ್ನೇ ಎರಡು ಹೆಜ್ಜೆ ಸರಿಸಿ ಹೋಗಿದ್ದರು. ಅಂದಿನಿಂದ, ಆಟ ಶುರುವಾಗುವ ಮುಂಚೆ ಎರಡೂ ತಂಡಗಳ ಕಣ್ಣೆದುರಿಗೇ ಗೆರೆ ಎಳೆಯಬೇಕು, ಅರ್ಧ ಆಟದ ವಿರಾಮದಲ್ಲಿ ಅಳಿಸಿಹೋದ ಗೋಲಿನ ಗೆರೆಗಳನ್ನು ಮತ್ತೆ ಎಳೆಯಬೇಕು ಎಂದಾಯಿತು. ಆ ಕೆಲಸ ನನ್ನ ಪಾಲಿಗೆ ಬಂತು. ತಳಕ್ಕೆ ತೂತು ಹೊಡೆದ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿ, ತಟ್ಟುತ್ತ ನಡೆಯುವುದು. ಗೂಡಿನಿಂದ ತೆಗೆದ ಸುಟ್ಟ ಸುಣ್ಣಕ್ಕೆ ನೀರು ಚಿಮುಕಿಸಿ, ಅದು ಬುಸುಗುಟ್ಟಿ ಅರಳಿ ತಣ್ಣಗಾದ ಮೇಲೆ ಜರಡಿ ಹಿಡಿದ ಪುಡಿ ಅದು. ಅರಳಿಸದೆ ಕುಟ್ಟಿದ ಪುಡಿಯೂ ನೋಡಲು ಅಷ್ಟೇ ಬಿಳಿ. ಆದರೆ ಅದಕ್ಕೆ ನೀರು ತಾಗಿದರೆ ಚರ್ಮ ಬೆಂದುಹೋಗುತ್ತದೆ.

ಅಪ್ಪನ ದವಡೆ ಮುರಿದ ಐದನೆಯ ತಿಂಗಳು ಆ ಪಂದ್ಯ. ವಿರಾಮದ ಹೊತ್ತಿಗೆ ತುಂತುರು ಹನಿಯತೊಡಗಿತ್ತು. ನಾನು ಹೋಗಿ ಗೆರೆ ಎಳೆದು ಬಂದೆ. ಅವಸರದಲ್ಲಿ ಡಬ್ಬ ಅದಲುಬದಲಾಯಿತು. ಆಟ ಮತ್ತೆ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ನನ್ನ ತಮ್ಮ ಚೆಂಡು ಒದ್ದ. ನಿನ್ನ ಅಪ್ಪ ಅದರ ಮೇಲೆ ಹಾರಿ, ಗೆರೆಯ ಮೇಲೆ ಮುಖ ಅಡಿಯಾಗಿ ಬಿದ್ದರು. ಅವರ ಮೇಲೆ ಹತ್ತು ಜನ ಬಿದ್ದರು, ಒದ್ದರು, ಗುದ್ದಿದರು. ರಾಶಿಯ ಅಡಿಯಿಂದ ಕೂಗು ಬಂತು. ಗಂಡಸು ಹಾಗೆ ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಎಬ್ಬಿಸಿದಾಗ ಒಂದು ಕಣ್ಣಿನ ಜಾಗದಲ್ಲಿ ಬಿಳಿ ಮುದ್ದೆ, ಕೆನ್ನೆಯ ಮೇಲೆ ಗುಳ್ಳೆ ಏಳುತ್ತಿದ್ದವು.

ನಾನು ಗೋಲಿನ ಹಿಂದೆ ಡಬ್ಬ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದೆ. ತಮ್ಮ ಓಡಿ ಬಂದ. ಡಬ್ಬದೊಳಕ್ಕೆ ಒದ್ದೆ ಬೆರಳು ಅದ್ದಿ ನೋಡಿದ, ನನ್ನ ಮುಖ ನೋಡಿದ, ಡಬ್ಬ ಕಿತ್ತುಕೊಂಡ. ಮನೆಗ್ ಹೋಗಕ್ಕಾ ಅಂದ, ಅಷ್ಟೇ. ಆಮೇಲೆ ಕ್ವಾರಿಯವರ ಕಡೆ ತಿರುಗಿ, ಎರಚಿದ್ದು ನಾನೇ ಕಣ್ರೋ, ಏನ್ ಮಾಡ್ತೀರ ಅಂದ. ಏನು ಮಾಡಿದರು ಅಂತ ಕೇಳಬೇಡ. ಅವನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು ಜಜ್ಜಿದರು. ಆಸ್ಪತ್ರೆಯಿಂದ ನೇರ ಜೈಲಿಗೆ, ಮೂರು ವರ್ಷ. ಹೊರಗೆ ಬಂದವನು ಈ ಊರಿಗೆ ಕಾಲಿಡಲಿಲ್ಲ. ಆ ಕೈಯಲ್ಲೇ ಎಲ್ಲೋ ಸೈಕಲ್ ರಿಪೇರಿ ಮಾಡಿಕೊಂಡಿದ್ದಾನೆ. ನಿನ್ನ ಮದುವೆಗೂ ಅವನನ್ನು ಕರೆಯಲಿಲ್ಲ. ಅಪ್ಪನ ಕಣ್ಣು ತೆಗೆದವನನ್ನು ಕರೆಯುವುದು ಹೇಗೆ ಎಂದು ನೀನು ಕೇಳಿದಾಗ ನಾನು ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋಗಿದ್ದೆ.

ಆಸ್ಪತ್ರೆಗೆ ನಾನು ಪಾಪ ತೊಳೆದುಕೊಳ್ಳಲು ಹೋದೆ. ನಿನ್ನ ಅಪ್ಪನ ಹಾಸಿಗೆಯ ಪಕ್ಕ ಕೂತು ಪಟ್ಟಿ ಬದಲಿಸಿದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅವರಿಗೆ ನಾನು ಯಾರೆಂದು ಕಾಣದು, ನಾನೇ ಹೇಳಿದೆ, ಎರಚಿದವನ ಅಕ್ಕ ಎಂದು. ಅವರು ಕೈ ಹಿಡಿದುಕೊಂಡರು. ಮದುವೆಯಾಯಿತು, ಎರಡು ತಂಡ ಒಂದಾಯಿತು, ಕ್ಲಬ್ಬು ಹುಟ್ಟಿತು. ಹಗೆಯನ್ನು ಗೆದ್ದ ಪ್ರೀತಿ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಓದಿ ಹಾಳೆ ಮಗುಚಿಟ್ಟೆ. ನಿನ್ನ ಅಪ್ಪನನ್ನು ನಾನು ಪ್ರೀತಿಸಿದ್ದೇನೆ. ಮೂವತ್ತಾರು ವರ್ಷವೂ ಹೆದರಿಕೊಂಡೇ ಪ್ರೀತಿಸಿದ್ದೇನೆ.

ಮೇಲೆ ಒಂದು ಕಡೆ ಅವಸರದಲ್ಲಿ ಡಬ್ಬ ಅದಲುಬದಲಾಯಿತು ಎಂದು ಬರೆದಿದ್ದೇನೆ. ಹೊಡೆದುಹಾಕೋಣ ಎಂದುಕೊಂಡೆ, ಇರಲಿ, ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಮಾತು ಅದು. ನೀನು ಆಟ ಬಲ್ಲವಳು, ಯೋಚನೆ ಮಾಡು. ವಿರಾಮದ ನಂತರ ತಂಡಗಳು ಕಡೆ ಬದಲಿಸುತ್ತವೆ. ಯಾವ ಗೋಲಿಗೆ ಯಾರು ಬರುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಒಂದು ಗೆರೆಗೆ ಮಾತ್ರ ಬೇರೆ ಡಬ್ಬ. ಬೆಳಿಗ್ಗೆಯೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸುಟ್ಟ ಸುಣ್ಣ ಕುಟ್ಟಿ ತುಂಬಿಟ್ಟಿದ್ದೆ. ಪಕ್ಕದ ಕೋಣೆಯಲ್ಲಿ ಅಪ್ಪ ಹಾಲು ಹೀರುವ ಸದ್ದು ಕೇಳುತ್ತಿತ್ತು. ಕಂಬ ಕಿತ್ತ ಆ ಕೈ ಬೇಯಲಿ ಎಂದುಕೊಂಡಿದ್ದೆ, ಕಣ್ಣಿನ ಯೋಚನೆ ಬಂದಿರಲಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಸುಣ್ಣ ಎರಚಿದ ಎಂಬ ಆ ಸಾಲು ತೆಗೆದುಹಾಕು. ತಮ್ಮನ ಹೆಸರಿದ್ದಲ್ಲಿ ನನ್ನ ಹೆಸರು ಬರಿ. ಅವನು ಬದುಕಿರುವಾಗಲೇ ಅಚ್ಚಾಗಲಿ.

ನಿನ್ನ ಅಮ್ಮ,
ಗೆರೆ ಎಳೆದವಳು

ತಾ.ಕ.: ಸಂಜೆ ನಾಲ್ಕು ಗಂಟೆ. ಲಕೋಟೆ ಅಂಟಿಸುವ ಮುಂಚೆ, ನಿನಗೆ ತಿಳಿಯುವ ಮೊದಲು ನಿನ್ನ ಅಪ್ಪನಿಗೆ ತಿಳಿಯಬೇಕು ಅನ್ನಿಸಿತು. ಉಳಿದ ಒಂದು ಕಣ್ಣೂ ಮಂಜಾಗಿದೆಯಲ್ಲ, ದಿನಾ ಪೇಪರು ಓದಿ ಹೇಳುವ ಹಾಗೆ ಇದನ್ನೂ ಓದಿದೆ. ಕೊನೆಯವರೆಗೂ ಅಲ್ಲಾಡದೆ ಕೇಳಿದರು. ಗೊತ್ತಿತ್ತು ಕಣೆ ಅಂದರು. ಹನಿ ಬಿದ್ದ ಕಡೆಯೆಲ್ಲ ಗೆರೆ ಹೊಗೆಯಾಡ್ತಿತ್ತು, ಎರಡು ಡಬ್ಬ ಹಿಡ್ಕೊಂಡು ಬಂದವಳು ನೀನೊಬ್ಬಳೇ, ಚೆಂಡು ಬಿಡೋಕೆ ಮನಸ್ಸಾಗದೆ ಹಾರಿದೆ ಅಂದರು. ಮತ್ತೆ ನನ್ನ ತಮ್ಮನನ್ನು ಯಾಕೆ ಜೈಲಿಗೆ ಹೋಗಲು ಬಿಟ್ಟಿರಿ ಎಂದು ಕೇಳಿದೆ. ನಿಜ ಹೇಳಿದ್ದಿದ್ರೆ ನೀನು ನನ್ನ ಹಾಸಿಗೆ ಪಕ್ಕ ಬರ್ತಿದ್ಯಾ ಅಂದರು, ನಗುತ್ತಾ. ಕೈಯಲ್ಲಿದ್ದ ಲೋಟ ಎಸೆದೆ. ಹಣೆ ಒಡೆದಿದೆ, ಆಳವಾಗಿಲ್ಲ, ಪಟ್ಟಿ ಕಟ್ಟಿದ್ದೇನೆ. ರಾತ್ರಿ ಅಪ್ಪನಿಗೆ ಊಟ ನೀನೇ ತಂದುಕೊಡು. ತಮ್ಮನ ಹೆಸರಿದ್ದಲ್ಲಿ ಒಂದಲ್ಲ, ಎರಡು ಹೆಸರು ಬರಿ, ನನ್ನದೂ ನಿನ್ನ ಅಪ್ಪನದೂ. ನಾನು ಐದೂವರೆಯ ಬಸ್ಸಿಗೆ ನನ್ನ ತಮ್ಮನ ಮನೆಗೆ ಹೊರಟಿದ್ದೇನೆ.